ನಸುಕಿನ ಹಾಡು ಬಾಕಿ

ಜನವರಿ 20, ಸೋಮವಾರ

ಇವತ್ತು ಹುಮನಾಬಾದಿನ ಸ್ಟುಡಿಯೋದಲ್ಲಿ ನನ್ನ ಫಸ್ಟ್ ಡೇ. ಸ್ಟುಡಿಯೋ ಅಂತ ಹೇಳಿಕೊಳ್ಳಲೂ ನಾಚಿಕೆ. ಕಾಳುಕಡಿ ಹರಾಜಾಗುವ ಅಡತಿ ಬಜಾರದಲ್ಲಿ ಬೀಜದಂಗಡಿಯ ಮೇಲಿನ ಎರಡು ರೂಮು. ಕೆಳಗೆ ತೊಗರಿ ಚೀಲ, ಮೇಲೆ ಕಂಪ್ಯೂಟರು. ಹೈದರಾಬಾದಿನಲ್ಲಿ ನನ್ನ ಜೊತೆ ಅನಿಮೇಷನ್ ಫಸ್ಟ್ ಇಯರ್ ಓದುವವರೆಲ್ಲ ಈ ಸೆಮಿಸ್ಟರಿನ ಇಂಟರ್ನ್‌ಶಿಪ್ಪಿಗೆ ಗಾಜಿನ ಕಟ್ಟಡಗಳಿಗೆ ಹೋದರು. ನನಗೆ ಸಿಕ್ಕಿದ್ದು ಇದು, ಅದೂ ಅಪ್ಪನ ದೆಸೆಯಿಂದ. ಸೋ ಎಂಬರಾಸಿಂಗ್.

ಸ್ಟುಡಿಯೋ ನಡೆಸುವ ಆಮ್ರಪಾಲಿ ಮೇಡಂ ಚಿಕ್ಕವರಿದ್ದಾಗ ಬಸವಕಲ್ಯಾಣದಲ್ಲಿ ಅಪ್ಪನ ಸಂಗೀತ ಕ್ಲಾಸಿನಲ್ಲಿ ಕೂತವರು. ಆಗ ಅಪ್ಪ ಹಾಡಿ ತೋರಿಸಿದ ಚಂದ್ರಿಯ ಕಥೆಯನ್ನು ಇನ್ನೂ ಮರೆತಿಲ್ಲ. ಈಗ ಅದನ್ನೇ ಬೇಸಿಗೆ ರಜೆಯ ಸ್ಪೆಷಲ್ ಅಂತ ಒಂದು ಮಕ್ಕಳ ಚಾನೆಲ್ಲಿಗೆ ಮಾಡುತ್ತಿದ್ದಾರೆ. ಕಥೆ ಸಿಂಪಲ್. ಚಂದ್ರಿ ಎಂಬ ಆಡು ಸಂಜೆ ಗುಡ್ಡದಲ್ಲಿ ತನ್ನ ಮರಿಯನ್ನು ಕಳೆದುಕೊಳ್ಳುತ್ತದೆ. ಸಂಜೆ ಯಮನ್ ರಾಗದಲ್ಲಿ ಕರೆಯುತ್ತದೆ, ಮರಿ ಬರುವುದಿಲ್ಲ. ರಾತ್ರಿ ಮಾಲಕಂಸ ಹಾಡಿ ಗೂಗೆಯನ್ನೂ ನರಿಯನ್ನೂ ಕೇಳುತ್ತದೆ, ಅವು ಹೇಳುವುದಿಲ್ಲ. ನಸುಕಿನಲ್ಲಿ ಮಂಜು ಮುಸುಕಿ ಏನೂ ಕಾಣದಾದಾಗ ಭೈರವ ಹಾಡುತ್ತದೆ. ಮರಿ ಆ ದನಿಯನ್ನು ಹಿಡಿದುಕೊಂಡು ಮನೆಗೆ ಬರುತ್ತದೆ. ದಿ ಎಂಡ್.

ಅಪ್ಪನಿಗೆ ಇದನ್ನು ಕಲಿಸಿದವರು ಇಸ್ಮಾಯಿಲ ಉಸ್ತಾದರು. ಅವರು ತೀರಿಹೋಗಿ ಬಹಳ ವರ್ಷವಾಯಿತು. ಪೂರ್ತಿ ಹಾಡಬಲ್ಲವನು ಈಗ ಅಪ್ಪ ಒಬ್ಬನೇ ಅಂತೆ. ನಾನು ಪೂರ್ತಿ ಕೇಳಿಯೇ ಇಲ್ಲ. ಐದನೇ ಕ್ಲಾಸಿಗೇ ಹಾಸ್ಟೆಲ್ ಸೇರಿದವಳು. ರಜೆಗೆ ಬಂದಾಗ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದೆ.

ನನ್ನ ಕೆಲಸ ಬಾಯಿ ಬರೆಯುವುದು. ರೆಕಾರ್ಡ್ ಆದ ಹಾಡನ್ನು ತುಣುಕು ತುಣುಕಾಗಿ ಕೇಳಿ, ಆ ಅಂದರೆ ಅಗಲ ಬಾಯಿ, ಊ ಅಂದರೆ ದುಂಡು, ಮ ಅಂದರೆ ಮುಚ್ಚಿದ ತುಟಿ, ಹೀಗೆ ಚಂದ್ರಿಯ ಮುಖಕ್ಕೆ ಕೂರಿಸಬೇಕು. ಅಪ್ಪ ಹಾಡುವಾಗ ಮುಖದ ವೀಡಿಯೋನೂ ತೆಗೆಯುತ್ತಾರೆ, ನೋಡಿಕೊಂಡು ಬರೆಯಲು. ನಾಲ್ಕು ತಿಂಗಳು ಅಪ್ಪನ ಬಾಯಿ ನೋಡುತ್ತಾ ಕೂರುವುದು. ಗಾಡ್.

ಊಟದ ಹೊತ್ತಿನಲ್ಲಿ ಮೇಡಂ ಏನೋ ಕೇಳಿದರು. ಡಬ್ಬಿಯಿಂದ ಮುಖ ಎತ್ತಲಿಲ್ಲ. ತಲೆಯಾಡಿಸಿದೆ. ಪ್ರಶ್ನೆ ಏನಿತ್ತೋ.

ಜನವರಿ 27

ಯಮನ್ ಮುಗಿಯಿತು. ಹಗಲೆಲ್ಲ ಲಾರಿ, ಹಮಾಲರು, ಹರಾಜು ಸವಾಲಿನ ಕೂಗು. ಬಜಾರ ತಣ್ಣಗಾಗುವುದು ಸಂಜೆಗೆ. ಆಮೇಲೆ ಕಿಟಕಿಗೆ ಗಾದಿ ಒತ್ತರಿಸಿ ರೆಕಾರ್ಡಿಂಗ್. ಸೌಂಡ್ ನೋಡಿಕೊಳ್ಳುವ ಒವೈಸ್ ಕಾಲೆಳೆಯದೆ ಮಾತೇ ಆಡುವುದಿಲ್ಲ.

"ಮಾಸ್ತರ್ ಸಾಬ್, ಚಂದ್ರಿ ಹೆಣ್ಣಾಡು. ನಿಮ್ಮ ದನಿ ಹ್ಯಾಂಗ್ರಿ?"

"ನಮ್ಮ ಉಸ್ತಾದರಿಗಿ ಗಡ್ಡ ಇತ್ತು. ಆಡಿಗೂ ಗಡ್ಡ ಇರ್ತದ. ನಡೀತದ ತಗೋ."

ಎಲ್ಲರೂ ನಕ್ಕರು. ನಾನು ಬೇರೆ ಕಡೆ ನೋಡಿದೆ. ಅಪ್ಪನ ದನಿ ಒಡೆದಿದೆ. ದೀಪಾವಳಿಯಿಂದ ಹೀಗೇ, ನೆಗಡಿ ನೆಗಡಿ ಅನ್ನುತ್ತಾನೆ. ಮೇಲಿನ ಸ್ವರದಲ್ಲಿ ಅರಿವೆ ಹರಿದಂಥ ಸಪ್ಪಳ. ಇನ್ನೊಮ್ಮೆ ತೆಗೆಯೋಣವೇ ಅಂತ ಮೇಡಂ ಮೆಲ್ಲಗೆ ಕೇಳಿದರು.

"ಇರ್ಲಿ ಬಿಡವ್ವಾ. ಮರಿ ಕಳಕೊಂಡ ಆಡು ಕೂಗಿ ಕೂಗಿ ಗಂಟಲ ಹರಕೊಂಡಿರ್ತದ. ಜೇನುತುಪ್ಪ ಕುಡದು ಬಂದಂಗ ಹಾಡಿದ್ರ ಅದು ತಾಯಿ ಹ್ಯಾಂಗಾದೀತು?"

ಇದನ್ನೆಲ್ಲ ಟೀವಿಯಲ್ಲಿ ನನ್ನ ಕ್ಲಾಸ್‌ಮೇಟ್ಸ್ ನೋಡುತ್ತಾರೆ.

ಫೆಬ್ರವರಿ 6

ಅಪ್ಪನ ಗಂಟಲಿನ ರಿಪೋರ್ಟ್ ಬಂತು. ನೆಗಡಿಯಲ್ಲ. ಗಂಟಲಿನ ಪೆಟ್ಟಿಗೆಯನ್ನೇ ತೆಗೆಯಬೇಕು, ತಡ ಮಾಡಬೇಡಿ ಅಂದರು ಹೈದರಾಬಾದಿನ ಡಾಕ್ಟರ್. ದನಿ? ದನಿ ಇರುವುದಿಲ್ಲ. ಬೆಡ್ ಖಾಲಿಯಾದ ಕೂಡಲೇ ಫೋನ್ ಮಾಡುತ್ತಾರೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ನಿದ್ದೆ ಮಾಡಿದ. ಅವ್ವ ಕಿಟಕಿಯ ಸರಳು ಹಿಡಿದುಕೊಂಡಿದ್ದಳು. ನಾನು ಗೂಗಲ್ ಮಾಡಿದೆ. ಮಾಡಬಾರದಿತ್ತು.

ಫೆಬ್ರವರಿ 11

ಮಾಲಕಂಸ ಅರ್ಧ ಆಯಿತು. ಅಪ್ಪ ಏನೂ ಆಗದವನ ಹಾಗೆ ಬಸವಕಲ್ಯಾಣದಿಂದ ಬಸ್ಸು ಹಿಡಿದು ಬರುತ್ತಾನೆ, ಹಾಡುತ್ತಾನೆ, ಚುನಮುರಿ ತಿನ್ನುತ್ತಾನೆ. ಮೇಡಂಗೆ ವಿಷಯ ಹೇಳಿದಾಗ ಅವರು ಮೂಲೆಗೆ ಹೋಗಿ ಗೋಡೆ ನೋಡುತ್ತಾ ನಿಂತರು.

ಈಗ ಪ್ರಾಬ್ಲಂ ಭೈರವದ್ದು. ಅಪ್ಪ ಅದನ್ನು ನಸುಕಿನಲ್ಲಿ ಮಾತ್ರ ಹಾಡುತ್ತಾನೆ. ಕಲಿಸುವಾಗ ಉಸ್ತಾದರು ಮಾತು ತೆಗೆದುಕೊಂಡಿದ್ದರಂತೆ, ಯಾವ ರಾಗವನ್ನೂ ಅದರ ಹೊತ್ತು ಬಿಟ್ಟು ಹಾಡಕೂಡದು. ನಸುಕಿಗೋ, ತೊಗರಿ ಸೀಸನ್. ಬೆಳಕು ಹರಿಯುವ ಮೊದಲೇ ಲಾರಿಗಳ ಸಾಲು. ಸಂಜೆಗೇ ತೆಗೆದುಬಿಡೋಣ ಅಂತ ಒವೈಸ್ ಎಷ್ಟೋ ಹೇಳಿದ. ಅಪ್ಪ ನಕ್ಕ, ಅಷ್ಟೇ. ಕೊನೆಗೆ ಬಜಾರ ಬಂದ್ ಇರುವ ರವಿವಾರ ಅಂತ ನಿಶ್ಚಯವಾಯಿತು. ಶನಿವಾರ ಸಂಜೆ ಬಂದು ರಾತ್ರಿ ಮಾಲಕಂಸ ಮುಗಿಸುವುದು, ಅಲ್ಲೇ ಉಳಿಯುವುದು, ಎದ್ದು ಭೈರವ. ಮೇಡಂ ಬೋರ್ಡಿನ ಮೇಲೆ ಬರೆದರು: ಯಮನ್ ಆಯಿತು, ಮಾಲಕಂಸ ನಡೆದಿದೆ, ಭೈರವ ಬಾಕಿ.

ಅಷ್ಟರೊಳಗೆ ಫೋನ್ ಬಂದರೆ? ಯಾರೂ ಈ ಮಾತು ಆಡಲಿಲ್ಲ. ನಾನೂ ಆಡಲಿಲ್ಲ. ಆಡಬೇಕಿತ್ತಾ?

ಫೆಬ್ರವರಿ 16, ರವಿವಾರ. ಹೈದರಾಬಾದ್

ದವಾಖಾನೆಯ ಕೆಳಗಿನ ತಗಡಿನ ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ರೋಗಿಯ ಜೊತೆ ಒಬ್ಬರಿಗೇ ಪರವಾನಗಿ. ಅವ್ವ ಮೇಲಿದ್ದಾಳೆ.

ನಿನ್ನೆ ರಾತ್ರಿ ಮಾಲಕಂಸದ ಕೊನೆಯ ಸಾಲು ಮುಗಿದು ಅಪ್ಪ ಹಾರ್ಮೋನಿಯಂ ಮುಚ್ಚುವುದಕ್ಕೂ ಫೋನ್ ಬರುವುದಕ್ಕೂ ಸರಿಹೋಯಿತು. ಬೆಡ್ ಖಾಲಿಯಾಗಿದೆ. ಬೆಳಗಾಗುವುದರೊಳಗೆ ಬಂದು ಸೇರಿ, ಇಲ್ಲವಾದರೆ ಮುಂದಿನವರಿಗೆ.

ಒವೈಸ್ ಹೆಡ್‌ಫೋನ್ ತೆಗೆಯಲಿಲ್ಲ. "ಮಾಸ್ತರ್ ಸಾಬ್, ಮೈಕ್ ಚಾಲೂ ಅದ. ಬಸ್ಸಿಗಿ ಇನ್ನಾ ಟೈಮ್ ಅದ. ಹಾಡಿಬಿಡ್ರಿ. ಯಾವ ಹೊತ್ತಿಗಿ ಹಾಡಿದ್ರಂತ ಟೀವಿ ನೋಡೋ ಹುಡುಗೂರಿಗಿ ಏನ್ ಗೊತ್ತಾಗ್ತದ?"

"ಮರಿಗಿ ಗೊತ್ತಾಗ್ತದಲ್ಲೋ," ಅಂದ ಅಪ್ಪ.

ನಾನು ಕಿರುಚಿದೆ. ಎಲ್ಲರ ಎದುರಿಗೆ. "ಅಪ್ಪಾ, ಪ್ಲೀಸ್! ನಾಳಿ ನಾಡದಕ ನಿನಗ ದನೀನೇ ಇರಂಗಿಲ್ಲ. ತಿಳಿಯಾಕತ್ತದೋ ಇಲ್ಲೋ?"

ಅಪ್ಪ ಹಾರ್ಮೋನಿಯಮ್ಮಿನ ಮುಚ್ಚಳ ತೆರೆದ. ಬೆರಳು ಇಟ್ಟ. ಬಾಯಿ ತೆರೆದ. ಆಮೇಲೆ ಅವನ ಕಣ್ಣು ಗಾದಿಯ ಸಂದಿಯಲ್ಲಿ ಕಾಣುತ್ತಿದ್ದ ಬೀದಿದೀಪಕ್ಕೆ ಹೋಯಿತು. ಬಾಯಿ ಮುಚ್ಚಿದ.

"ಆಗಂಗಿಲ್ಲ ಸರೂ. ಹೊರಗ ದೀಪ ಹಚ್ಚ್ಯಾರ. ಈಗ ಬೆಳಕಾಯ್ತು ಬಾ ಅಂತ ಹ್ಯಾಂಗ ಕರೀಲಿ? ಸುಳ್ಳ ಹೇಳಿ ಕರದಂಗ ಆಗ್ತದ. ಉಸ್ತಾದರ ಕೈ ಹಿಡದು ಮಾತು ಕೊಟ್ಟೀನಿ."

"ಉಸ್ತಾದರು ಸತ್ತಾರಪ್ಪಾ!"

"ಅದಕ್ಕ ಅಂತೀನಿ. ಇದ್ದಿದ್ರ ಹೋಗಿ ಕೇಳಿ ಬಿಡಿಸ್ಕೊಂಡ ಬರ್ತಿದ್ದೆ."

ಮೇಡಂ ಎದ್ದು ತಾವೇ ಮೈಕ್ ಆರಿಸಿದರು. ಅವ್ವ ಊರಿನಿಂದ ಬಂದು ಕೂಡಿಕೊಂಡಳು. ಬಸ್ಸಿನಲ್ಲಿ ಇಡೀ ದಾರಿ ನಾನು ಅಪ್ಪನ ಜೊತೆ ಮಾತಾಡಲಿಲ್ಲ. ಅವನು ಒಂದೆರಡು ಸಲ ಏನೋ ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ.

ಈಗ ಅವ್ವ ಚಹಕ್ಕೆ ಇಳಿದು ಬಂದಿದ್ದಳು. "ನಸಕಿನಾಗ ಎದ್ದು ಕುಂತ್ರು. ಮೆಲ್ಲಕ ಗುನುಗಿದ್ರು. ಅದೇ ಆಡಿನ ಹಾಡ. ಬಾಜೂದವರು ಮಲಗ್ಯಾರಂತ ನರ್ಸ್ ಬಂದು ಸುಮ್ಮನಿರಿ ಅಂದ್ಳು. ಸುಮ್ಮನಾದ್ರು."

ನನ್ನ ಫೋನು ನನ್ನ ಕೈಯಲ್ಲೇ ಇತ್ತು. ಇದೇ ಕಟ್ಟಡದ ಕೆಳಗೆ.

ಫೆಬ್ರವರಿ 18

ನಿನ್ನೆ ಆಪರೇಷನ್ ಆಯಿತು. ಬದುಕಿದ್ದಾನೆ.

ಮಾರ್ಚ್ 9, ರವಿವಾರ. ಬಸವಕಲ್ಯಾಣ

ಮನೆಗೆ ಬಂದು ವಾರವಾಯಿತು. ಕತ್ತಿನ ಕೆಳಗೆ ತೂತು, ಉಸಿರು ಅಲ್ಲಿಂದಲೇ. ಮೇಲೊಂದು ತೆಳು ಅರಿವೆ. ಅವ್ವ ಮೂರು ಹೊತ್ತು ನೀರು ಕಾಸಿ ಅರಿವೆ ತೊಳೆಯುತ್ತಾಳೆ. ದವಾಖಾನೆಯವರು ಹೇಳಿದಂತೆ ಸ್ಲೇಟು ತಂದುಕೊಟ್ಟೆ. ಅಪ್ಪ ಅದನ್ನು ಮಂಚದ ಕೆಳಗೆ ಸರಿಸಿಬಿಟ್ಟ.

ಇವತ್ತು ಎದುರು ಮನೆಯ ಶೇವಂತಾಬಾಯಿ ಮಾತಾಡಿಸಲು ಬಂದವಳು ಓಣಿಗೆಲ್ಲ ಕೇಳುವ ಹಾಗೆ ಒದರುತ್ತಿದ್ದಳು. "ಅಂಬಾದಾಸಣ್ಣಾ! ಉಂಡೇನೋ! ಗಂಜಿ ಹೋಗ್ತದೇನೋ!"

"ನಾ ಕಿವುಡ ಅಲ್ಲಂತ ಹೇಳ ಆಕಿಗಿ," ಅಂದ ಅಪ್ಪ.

ನಾನು ಹೇಳಿದೆ. ಶೇವಂತಾಬಾಯಿ ಅವನ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. "ಅಯ್ಯ, ಒಂದ್ ತಟಕ್ ಸಪ್ಪಳ ಬರ್ಲಿಲ್ಲ. ಬರೇ ತುಟಿ ಅಲಗಿದ್ವು. ನಿನಗ ಹ್ಯಾಂಗ ತಿಳೀತ?"

ಅಂದನಲ್ಲ, ಇನ್ನು ಹೇಗೆ ತಿಳಿಯುವುದು. ಅವ್ವನೂ ಹೀಗೇ, ಎಲ್ಲದಕ್ಕೂ ಏನಂತಾರ ಏನಂತಾರ ಅಂತ ನನ್ನನ್ನೇ ಕೇಳುತ್ತಾಳೆ. ಎದುರಿಗೆ ಕೂತು ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಮೇಡಂ ಬಂದು ಹೋದರು. ಚಾನೆಲ್ಲಿನವರು ಅವಸರ ಮಾಡುತ್ತಿದ್ದಾರೆ. ನಸುಕಿನ ಹಾಡಿಲ್ಲದೆ ಮರಿ ಮನೆಗೆ ಬರುವುದಿಲ್ಲ, ಮರಿ ಬಾರದೆ ಸಿನಿಮಾ ಮುಗಿಯುವುದಿಲ್ಲ. ಕಲಬುರ್ಗಿಯಲ್ಲಿ ಅಜೀಮುದ್ದೀನ್ ಅಂತ ಒಬ್ಬ ಹಾಡುಗಾರರಿದ್ದಾರೆ, ಶ್ರುತಿ ಹತ್ತಿರ ಹತ್ತಿರ ಇದೆ, ಅವರ ಕಡೆ ಹಾಡಿಸಲೇ ಅಂತ ಕೇಳಿದರು. ಕೇಳುವಾಗ ಅಪ್ಪನ ಕಾಲು ಹಿಡಿದುಕೊಂಡಿದ್ದರು.

ಅಪ್ಪ ಹೂಂ ಅಂದ.

"ಏನಂದ್ರು?" ಅಂದರು ಮೇಡಂ, ನನ್ನ ಕಡೆ ತಿರುಗಿ.

"ಹೂಂ ಅಂದ್ರು."

ಮಾರ್ಚ್ 16

ಅಜೀಮುದ್ದೀನ್ ಅವರಿಗೆ ಕಳಿಸಲು ಹಾಡು ಬೇಕಲ್ಲ. ಅಪ್ಪ ನಸುಕಿಗೇ ಎಬ್ಬಿಸಿದ. ಅಂಗಳದಲ್ಲಿ ಚಾಪೆ ಹಾಸಿ ಹಾರ್ಮೋನಿಯಂ ಇಟ್ಟುಕೊಂಡು ಕೂತ. ಬೆರಳಲ್ಲಿ ರಾಗ, ತುಟಿಯಲ್ಲಿ ಪದ. ನಾನು ಎದುರು ಕೂತು ಪದಗಳನ್ನು ಗಟ್ಟಿಯಾಗಿ ಹೇಳುತ್ತಾ ಹೋದೆ, ಫೋನು ನಡುವೆ ಇತ್ತು.

ಮಂಜಿನಾಗ ಮಾರಿ ಕಾಣದು, ನನ್ನ ದನಿ ಹಿಡಿದು ಬಾ.
ಬೆಳಕಾಯಿತು ಕಂದಾ, ಬೆಳಕಿನ ಕೂಡ ಬಾ.

ಇಷ್ಟು ವರ್ಷಕ್ಕೆ ನಾನು ಪೂರ್ತಿ ಕೇಳಿದ್ದು ಇದೇ ಮೊದಲು. ಕೇಳಿದ್ದು ಅಂತಲೋ ಏನಂತಲೋ. ಒಂದು ಕಡೆ ಅಪ್ಪ ತಡೆದು, ಬಾ ಅನ್ನುವುದನ್ನು ಅಷ್ಟು ಗಿಡ್ಡ ಮಾಡಬೇಡ, ಉದ್ದಕ್ಕೆ ಎಳಿ, ದೂರ ಅದ ಅದು, ಅಂದ. ಎಳೆದೆ. ನನಗೆ ಹಾಡಲು ಬರುವುದಿಲ್ಲ. ದನಿ ಎತ್ತಲೋ ಹೋಯಿತು. ಅವನು ನಗಲಿಲ್ಲ.

ಕತ್ತಿನ ಅರಿವೆ ಉಸಿರಿಗೆ ಏಳುತ್ತಿತ್ತು, ಕೂರುತ್ತಿತ್ತು.

ಮಾರ್ಚ್ 24, ಸೋಮವಾರ

ಅಜೀಮುದ್ದೀನ್ ಸಾಹೇಬರು ಬಂದು ಹಾಡಿ ಹೋದರು. ತೊಗರಿ ಸೀಸನ್ ಮುಗಿದಿದೆ, ಹಗಲಿಗೂ ಬಜಾರ ಸಪ್ಪಗಿದೆ. ಊಟವಾದ ಮೇಲೆ, ಉರಿಬಿಸಿಲಿನಲ್ಲಿ, ಸಪ್ಪಳವಾಗಬಾರದೆಂದು ಫ್ಯಾನು ಆರಿಸಿ ಹಾಡಿದರು. ಬೆವರು ಒರೆಸಿಕೊಂಡು ಎರಡೇ ಸಲಕ್ಕೆ ಮುಗಿಸಿಬಿಟ್ಟರು. ಕೆಟ್ಟದಾಗಿ ಹಾಡಲಿ ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಹಾಡಲಿಲ್ಲ. ಬಹಳ ಚೆಂದ ಹಾಡಿದರು. ಬಾ ಅನ್ನುವುದನ್ನು ಉದ್ದಕ್ಕೆ ಎಳೆದರು.

ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಬೇಟಿ, ಮಾಸ್ತರರಿಗಿ ನನ್ನ ಸಲಾಂ ತಿಳಸು. ಈ ಚೀಜ್ ನನ್ನದಲ್ಲ, ಅವರದೇ ಅಂತ ಹೇಳು," ಅಂದರು.

ಒವೈಸ್ ಬೋರ್ಡಿನ ಮೇಲಿನ ಬಾಕಿ ಅನ್ನುವುದನ್ನು ಅಳಿಸಲು ಹೋಗಿ, ನನ್ನನ್ನು ನೋಡಿ, ಬಟ್ಟೆ ಕೆಳಗಿಟ್ಟ. ನಾನೇ ಅಳಿಸಿದೆ.

ಮಾರ್ಚ್ 25

ಅಪ್ಪನಿಗೆ ಕೇಳಿಸಿದೆ. ನನ್ನ ಹೆಡ್‌ಫೋನ್ ಅವನ ತಲೆಗೆ ಸಣ್ಣದು, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡ. ಮುಗಿದ ಮೇಲೂ ತೆಗೆಯಲಿಲ್ಲ.

"ಚಲೋ ಹಾಡ್ಯಾನ," ಅಂದ. ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟು, "ಯಾವ ಹೊತ್ತಿಗಿ ಹಾಡಿದ?"

"ನಸಕಿನಾಗ."

"ಲಾರಿ ಸಪ್ಪಳ ಬಂದಿಲ್ಲಲ್ಲ."

"ರವಿವಾರ ತಗೊಂಡ್ವಿ."

ಅಪ್ಪ ನನ್ನ ಮುಖವನ್ನೇ ನೋಡಿದ. ಮೊನ್ನೆ ರವಿವಾರ ಇಡೀ ದಿನ ನಾನು ಅವನ ಮಂಚದ ಬಳಿಯೇ ಇದ್ದೆ. ನಸುಕಿನಲ್ಲಿ ನೀರು ಕೊಟ್ಟವಳು ನಾನೇ.

"ಹಂಗಾರ ಚಲೋ ಆತು," ಅಂದ. ಗೋಡೆಯ ಕಡೆ ಹೊರಳಿ ಮಲಗಿದ.

ಏಪ್ರಿಲ್ 10

ಚಂದ್ರಿಯ ಬಾಯಿ ಮುಗಿದ ಮೇಲೆ ಮೇಡಂ ಮರಿಯ ಕೊನೆಯ ದೃಶ್ಯವನ್ನೂ ನನಗೇ ಕೊಟ್ಟಿದ್ದಾರೆ. ಮಂಜಿನಲ್ಲಿ ನಿಂತ ಮರಿ, ಅವ್ವನ ಹಾಡು ಕಿವಿಗೆ ಬಿದ್ದ ಕೂಡಲೇ ಕುಣಿದು ಓಡಿ ಬರಬೇಕು. ಎಷ್ಟು ದಿನದಿಂದ ಓಡಿಸುತ್ತಿದ್ದೇನೆ. ಕಾಲು ಸರಿ, ಬಾಲ ಸರಿ, ಆದರೂ ಅದು ನನ್ನ ಮರಿಯಲ್ಲ. ನಿನ್ನೆ ಬೇಸರವಾಗಿ ಓಟವನ್ನೆಲ್ಲ ತೆಗೆದು ಸುಮ್ಮನೆ ನಿಲ್ಲಿಸಿದೆ. ಒಂದು ಕಿವಿ ಮಾತ್ರ ದನಿಯ ಕಡೆ ತಿರುಗುತ್ತದೆ. ನಿಂತೇ ಇರುತ್ತದೆ. ಬಹಳ ಹೊತ್ತಾದ ಮೇಲೆ ಒಂದು ಕಾಲು ಎತ್ತುತ್ತದೆ.

ಇವತ್ತು ಅದನ್ನು ನೋಡಿದ ಚಾನೆಲ್ಲಿನವರು ಬೆಂಗಳೂರಿನಿಂದ ಫೋನ್ ಮಾಡಿದರು. ಮೇಡಂ ಸ್ಪೀಕರ್ ಹಾಕಿದರು.

"ಮೇಡಂ, ಅಲ್ಲಿ ಏನೂ ಆಗ್ತಾನೇ ಇಲ್ಲ. ಮಕ್ಕಳು ಚಾನೆಲ್ ಚೇಂಜ್ ಮಾಡಿಬಿಡ್ತಾರೆ. ಅಮ್ಮ ಕರೆದ ತಕ್ಷಣ ಓಡಿ ಬರಲಿ, ಅಷ್ಟೇ."

ನಾನು ಮೇಜಿನ ಹತ್ತಿರ ಹೋಗಿ ನಿಂತಿದ್ದೆ. "ಸಂಜಿಯಿಂದ ರಾತ್ರಿ ಮಟಾ ಅದು ಒಂದು ದನಿ ಕೇಳೇದರಿ. ಈಗ ಬ್ಯಾರೆ ದನಿ ಕರಿಯಾಕತ್ತದ. ಹಾಡು ಅದೇ, ರಾಗ ಅದೇ, ಆದರ ಅವ್ವನ ದನಿ ಅಲ್ಲ ಅದು. ಕರದ ಕೂಡ್ಲೆ ಓಡಿ ಬಂದ್ರ ಅದು ಚಂದ್ರಿ ಮರೀನೇ ಅಲ್ಲರಿ."

"ಹಾಗಾದ್ರೆ ಕೊನೆಗೆ ಯಾಕೆ ಬರುತ್ತೆ ಅದು?"

"ಕರಿಯೋರು ಇನ್ಯಾರೂ ಇಲ್ಲಲ್ಲರಿ."

ನೋಡೋಣ ಅಂತ ಫೋನಿಟ್ಟರು. ಮೇಡಂ ಕನ್ನಡಕ ಒರೆಸಿಕೊಂಡರು. "ಏ ಸರಿತಾ," ಅಂದ ಒವೈಸ್, "ಇಷ್ಟು ಮಾತು ಎಲ್ಲಿ ಮುಚ್ಚಿಟ್ಟಿದ್ದಿ?" ಹಸಿವಾಗಿತ್ತು, ನಾನು ಡಬ್ಬಿ ಬಿಚ್ಚಿದೆ. ಅವ್ವ ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ ಕಟ್ಟಿದ್ದಳು.

ಏಪ್ರಿಲ್ 19

ಮರಿ ನಿಲ್ಲಬಹುದು ಅಂದರಂತೆ ಚಾನೆಲ್ಲಿನವರು. ನಿಲ್ಲುವ ಹೊತ್ತನ್ನು ಸ್ವಲ್ಪ ಕಡಿಮೆ ಮಾಡಿ ಅಂದರಂತೆ. ಸ್ವಲ್ಪವೇ ಕಡಿಮೆ ಮಾಡಿದೆ.

ಅಪ್ಪನಿಗೆ ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿಲ್ಲ. ಮತ್ತೆ ಗಂಟು ಕಾಣುತ್ತಿದೆ, ಹೈದರಾಬಾದಿಗೆ ಬನ್ನಿ ಅಂದಿದ್ದಾರೆ ಡಾಕ್ಟರು. ಹೋಗಲು ಅಪ್ಪ ಒಪ್ಪುತ್ತಿಲ್ಲ. ಟೀವಿಯಲ್ಲಿ ಬಂದ ಮೇಲೆ ನೋಡೋಣ ಅನ್ನುತ್ತಾನೆ.

ಮೇ 11, ರವಿವಾರ

ಬೆಳಿಗ್ಗೆ ಹತ್ತಕ್ಕೆ ಟೀವಿಯಲ್ಲಿ ಚಂದ್ರಿ ಬಂತು. ಓಣಿಯ ಮಕ್ಕಳೆಲ್ಲ ನಮ್ಮ ಮನೆಯಲ್ಲೇ ಇದ್ದವು, ಶೇವಂತಾಬಾಯಿ ತನ್ನ ಮೊಮ್ಮಕ್ಕಳನ್ನೂ ಕಟ್ಟಿಕೊಂಡು ಬಂದಿದ್ದಳು. ಅಪ್ಪನನ್ನು ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದೆವು. ಬಹಳ ಇಳಿದುಹೋಗಿದ್ದಾನೆ.

ಯಮನ್ ಶುರುವಾಗುತ್ತಲೂ ಅವನ ದನಿ ಮನೆ ತುಂಬಿತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಲೆಯ ಮುಂದೆಯೇ ಕೂತುಬಿಟ್ಟಳು, ಈಚೆ ಬರಲಿಲ್ಲ. ಶೇವಂತಾಬಾಯಿ ಒಮ್ಮೆ ಟೀವಿ ನೋಡುತ್ತಾಳೆ, ಒಮ್ಮೆ ಅಪ್ಪನನ್ನು. ಅಪ್ಪ ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದ. ನರಿ ಬಂದಾಗ ಮಕ್ಕಳು ಕಿರುಚಿದವು.

ಆಮೇಲೆ ಮಂಜು. ಅಜೀಮುದ್ದೀನ್ ಸಾಹೇಬರ ದನಿ. ಮರಿ ನಿಂತಿತು. ಕಿವಿ ತಿರುಗಿಸಿತು. ನಿಂತೇ ಇತ್ತು.

"ಏ, ಹೋಗಲೇ! ನಿಮ್ಮವ್ವ ಕರಿಯಾಕತ್ತಾಳ!" ಅಂತ ಒಂದು ಹುಡುಗ ಎದ್ದು ನಿಂತು ಒದರಿದ. "ಹುಚ್ಚ ಮರಿ ಅದ," ಅಂತ ಇನ್ನೊಂದು. ಮರಿ ಅಲುಗಲಿಲ್ಲ.

ಆಗ ಹಿಂದಿನಿಂದ ಟಕ್ ಅಂತ ಸಪ್ಪಳ ಬಂತು. ಮತ್ತೆ ಟಕ್ ಟಕ್.

ಅಪ್ಪ ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಬಿಡುತ್ತಿದ್ದ. ಕೊಹಿನೂರ ಹಳ್ಳಿಯ ಅಡವಿಯಲ್ಲಿ ಆಡು ಕಾಯುತ್ತಾ ಬೆಳೆದವನು, ಹಿಂದುಳಿದ ಮರಿಯನ್ನು ಹೀಗೇ ಕರೆಯುತ್ತಿದ್ದನೇನೋ. ಅದಕ್ಕೆ ಗಂಟಲು ಬೇಡ, ಉಸಿರೂ ಬೇಡ. ಫೆಬ್ರವರಿಯಿಂದ ಈಚೆ ಅವನ ಬಾಯಿಂದ ಸಪ್ಪಳ ಬಂದದ್ದು ಇದೇ ಮೊದಲು. ಮಕ್ಕಳು ತಿರುಗಿ ನೋಡಿ ನಕ್ಕವು, ಆಮೇಲೆ ಎಲ್ಲವೂ ಸೇರಿ ಟಕ್ ಟಕ್ ಅನ್ನತೊಡಗಿದವು. ಮರಿ ಕಾಲು ಎತ್ತಿತು. ಯಾವಾಗ ಎತ್ತುತ್ತದೆ ಅಂತ ಬರೆದವಳು ನಾನು, ನನಗೆ ಗೊತ್ತಿರಬೇಕಿತ್ತು. ಆದರೂ ಎತ್ತಲಾರದೇನೋ ಅಂತ ಹೆದರಿ ಚಾಪೆ ಹಿಡಿದುಕೊಂಡಿದ್ದೆ.

ಮರಿ ಮನೆ ಸೇರಿತು. ಸಾಬೂನಿನ ಜಾಹೀರಾತು ಬಂತು. ಮಕ್ಕಳು ಬಿಸಿಲಿಗೆ ಓಡಿದವು. ಅವ್ವ ಈಚೆ ಬಂದು ಕಣ್ಣು ಒರೆಸಿಕೊಂಡು ಟೀವಿ ಆರಿಸಿದಳು.

ಅಪ್ಪ ಇನ್ನೂ ಕರೆಯುತ್ತಿದ್ದ.

"ಮರಿ ಬಂತಪ್ಪಾ," ಅಂದೆ.

ಹೌದು ಅಂತ ತಲೆಯಾಡಿಸಿದ. ನಿಲ್ಲಿಸಲಿಲ್ಲ. ಆರಿದ ಟೀವಿಯನ್ನೇ ನೋಡುತ್ತಾ, ಟಕ್ ಟಕ್, ಟಕ್ ಟಕ್.